ಒರೆಸದೆ ಉಳಿದ ಗುರುತು

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಗೋದಾಮಿನಲ್ಲಿ, ಅರ್ಧ ತುಂಬಿದ ಗೋಣಿಚೀಲದ ಮೇಲೆ ‘ಇನ್ನೂ ಹಾಕಬಹುದು’ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದಾರೆ ಎಂದುಕೊಳ್ಳಿ. ಚೀಲ ಖಾಲಿಯಾದ ಮೇಲೆ ಆ ಗುರುತನ್ನು ಒರೆಸದೆ, ಮೂಡಿಗೆರೆ ಕಡೆಯ ತೋಟದಿಂದ ಬಂದ ಆಯ್ದ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿ) ಅದಕ್ಕೇ ತುಂಬಿಟ್ಟರೆ, ಹಮಾಲರು ಹಳೆಯ ಗುರುತನ್ನು ನಂಬಿ ಇನ್ಯಾರದೋ ಚೆರಿಯನ್ನು (ಸಿಪ್ಪೆಸಮೇತ ಒಣಗಿಸಿದ ಕಾಫಿ) ಅದರೊಳಗೆ ಸುರಿಯುತ್ತಾರೆ. 2022ರಲ್ಲಿ ‘ಡರ್ಟಿ ಪೈಪ್’ ಎಂಬ ಹೆಸರಿನಲ್ಲಿ ಬೆಳಕಿಗೆ ಬಂದ ಲಿನಕ್ಸ್ ಕರ್ನಲ್‌ನ ದೋಷ ಹೆಚ್ಚುಕಡಿಮೆ ಇಂಥದೇ.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳೇ ಕರ್ನಲ್; ಯಾವ ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಜಾರಿಗೊಳಿಸುವುದು ಅದೇ. ಎಲ್ಲ ಅಧಿಕಾರವೂ ಇರುವ ಬಳಕೆದಾರನಿಗೆ ‘ರೂಟ್’ ಎಂದು ಹೆಸರು. ಸಾಮಾನ್ಯ ಬಳಕೆದಾರ ಅಡ್ಡದಾರಿಯಿಂದ ರೂಟ್ ಆಗಲು ಎಡೆಕೊಡುವ ದೋಷಗಳು ತುಂಬ ಅಪಾಯಕಾರಿ.

ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ‘ಪೈಪ್‌’ನಲ್ಲಿ ಸಾಮಾನ್ಯವಾಗಿ 16 ಖಾನೆಗಳಿರುತ್ತವೆ; ಪ್ರತಿ ಖಾನೆಯೂ ಸ್ಮೃತಿಯ (ಮೆಮೊರಿಯ) ಒಂದು ಪುಟವನ್ನು, ಅಂದರೆ ಬಹುತೇಕ ಯಂತ್ರಗಳಲ್ಲಿ 4096 ಬೈಟ್‌ಗಳನ್ನು, ಹಿಡಿದಿರುತ್ತದೆ. ಪುಟದಲ್ಲಿ ಜಾಗ ಉಳಿದಿದ್ದರೆ ಮುಂದಿನ ಬರಹವನ್ನೂ ಅಲ್ಲಿಯೇ ಸೇರಿಸಬಹುದೆಂದು ಕರ್ನಲ್ ಖಾನೆಗೆ ಗುರುತು ಹಾಕುತ್ತದೆ. ಇದಲ್ಲದೆ, ನಕಲು ಮಾಡುವ ಶ್ರಮ ಉಳಿಸಲು, ಸ್ಮೃತಿಯಲ್ಲಿರುವ ಫೈಲಿನ ಪುಟವನ್ನೇ ಖಾನೆಗೆ ಜೋಡಿಸುವ ‘ಸ್ಪ್ಲೈಸ್’ ಎಂಬ ಸೌಲಭ್ಯವೂ ಇದೆ. ಆ ಫೈಲನ್ನು ಓದುವವರೆಲ್ಲ ನೋಡುವುದು ಅದೇ ಪುಟವನ್ನಾದ್ದರಿಂದ ಅಂಥ ಖಾನೆಯ ಮೇಲೆ ಹಳೆಯ ಗುರುತು ಇರಲೇಬಾರದು. ಆದರೆ ಕರ್ನಲ್ ಅದನ್ನು ಒರೆಸುತ್ತಿರಲಿಲ್ಲ. ದಾಳಿಕೋರ ಖಾನೆಗಳನ್ನೆಲ್ಲ ತುಂಬಿ, ಬರಿದುಮಾಡಿ, ತನಗೆ ಓದಲು ಮಾತ್ರ ಅನುಮತಿಯಿರುವ ಫೈಲಿನ ಪುಟವನ್ನು ಜೋಡಿಸಿ, ಬಳಿಕ ಪೈಪಿಗೆ ಬರೆದರೆ ಸಾಕು, ಬರಹ ನೇರವಾಗಿ ಆ ಪುಟದ ಮೇಲೆಯೇ ಬೀಳುತ್ತಿತ್ತು. ಬರೆಯುತ್ತಿರುವುದು ಪೈಪಿಗಾದ್ದರಿಂದ ಫೈಲಿನ ಅನುಮತಿಯನ್ನು ಯಾರೂ ಕೇಳುತ್ತಿರಲಿಲ್ಲ. ಆ ಫೈಲು ಬಳಕೆದಾರರ ಖಾತೆಗಳ ಪಟ್ಟಿಯಾಗಿದ್ದರೆ ರೂಟ್ ಕೈವಶವಾದಂತೆಯೇ.

ಇದನ್ನು ಪತ್ತೆಮಾಡಿದ ಮ್ಯಾಕ್ಸ್ ಕೆಲ್ಲರ್‌ಮನ್ ಹೊರಟದ್ದು ಲಾಗ್ ಫೈಲುಗಳು, ಅಂದರೆ ಯಂತ್ರದ ಆಗುಹೋಗುಗಳ ದಾಖಲೆಗಳು, ಏಕೆ ಕೆಟ್ಟುಹೋಗುತ್ತಿವೆ ಎಂದು ಹುಡುಕಲು. ಗುರುತಿನ ಜಾಗವನ್ನು ಒರೆಸದಿರುವ ತಪ್ಪು ಕರ್ನಲ್‌ನ 2016ರ 4.9 ಆವೃತ್ತಿಯಿಂದಲೇ ಇತ್ತು; ‘ಸೇರಿಸಬಹುದು’ ಎಂಬ ಗುರುತು ಅದೇ ಜಾಗಕ್ಕೆ ಬಂದದ್ದು 2020ರ 5.8ರಲ್ಲಿ. ನಾಲ್ಕು ವರ್ಷ ನಿರುಪದ್ರವಿಯಾಗಿದ್ದ ತಪ್ಪಿಗೆ ಬೇರೊಂದು ಸದುದ್ದೇಶದ ಬದಲಾವಣೆ ಹಲ್ಲು ಮೂಡಿಸಿತು. ಹೀಗಾಗಿ, ಇದು ಕಣ್ಣಿಗೆ ಬೀಳಲಿಲ್ಲವೆಂದು ಆ ಬದಲಾವಣೆಗಳ ಪರಿಶೀಲಕರನ್ನು ದೂರುವುದು ನನಗೆ ಸರಿಕಾಣದು.

ದೋಷಕ್ಕೆ ಹಾಕಿದ ತೇಪೆಯಾದರೋ ಕೋಡಿನ ಎರಡೇ ಸಾಲು: ಎರಡು ಕಡೆ ಗುರುತಿನ ಜಾಗಕ್ಕೆ ಸೊನ್ನೆ ತುಂಬುವುದು. 2022ರ ಫೆಬ್ರುವರಿ 20ರಂದು ವರದಿಯಾದ ದೋಷಕ್ಕೆ 23ರಂದೇ 5.16.11, 5.15.25 ಮತ್ತು 5.10.102 ಆವೃತ್ತಿಗಳಲ್ಲಿ ಪರಿಹಾರ ಬಂತು. ವಿವರ ಬಹಿರಂಗವಾದದ್ದು ಮಾರ್ಚ್ 7ರಂದು.

ಆದರೆ ಹೊಸ ಕರ್ನಲ್ ಡಿಸ್ಕಿಗೆ ಬಂದ ಮಾತ್ರಕ್ಕೆ ಸ್ಮೃತಿಯಲ್ಲಿ ಓಡುತ್ತಿರುವ ಹಳೆಯದು ಬದಲಾಗದು. ಓಡುತ್ತಿರುವಾಗಲೇ ತೇಪೆ ಹಾಕುವ ಏರ್ಪಾಡು ಇಲ್ಲದಿದ್ದರೆ ಯಂತ್ರವನ್ನು ಮರುಚಾಲನೆ ಮಾಡಲೇಬೇಕು. ಕೊಯ್ಲಿನ ದಿನಗಳಲ್ಲಿ, ಲಾರಿಗಳು ಗೇಟಿನ ಮುಂದೆ ಸಾಲುಗಟ್ಟಿರುವಾಗ, ತೂಕದ ಲೆಕ್ಕ ಬರೆಯುವ ಕಂಪ್ಯೂಟರನ್ನು ಹತ್ತು ನಿಮಿಷ ನಿಲ್ಲಿಸಲು ಯಾವ ಮ್ಯಾನೇಜರೂ ಸುಲಭವಾಗಿ ಒಪ್ಪುವುದಿಲ್ಲ. ಮರುಚಾಲನೆಯ ನಂತರವೂ ಹಳೆಯ ಆವೃತ್ತಿಸಂಖ್ಯೆಯೇ ಕಂಡರೆ ಗಾಬರಿಯಾಗಬೇಕಿಲ್ಲ: ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಕೆಲವು ವಿತರಕರು ಆ ಎರಡು ಸಾಲನ್ನು ಹಳೆಯ ಆವೃತ್ತಿಗೇ ಸೇರಿಸಿ ಕೊಡುತ್ತಾರೆ, ಅದು ಸೇರಿದೆಯೇ ಎಂಬುದನ್ನು ಅವರ ಬದಲಾವಣೆಗಳ ಪಟ್ಟಿಯಲ್ಲಿ ನೋಡಬೇಕು.