ಬೆನ್ನ ಮೇಲೆ ಮಲಗಿಸಿದ ಕೋಳಿ

ಒಂದು ಕೋಳಿಯನ್ನು ಮೆಲ್ಲಗೆ ಹಿಡಿದು ಅಂಗಾತ ಮಲಗಿಸಿದರೆ ಏನು ಮಾಡುತ್ತದೆ? ಕೈ ಬಿಟ್ಟ ಕೂಡಲೇ ರೆಕ್ಕೆ ಬಡಿಯುತ್ತದೆ, ಪಕ್ಕಕ್ಕೆ ಹೊರಳುತ್ತದೆ, ಎದ್ದು ಮೈ ಕೊಡವಿಕೊಂಡು ನಡೆದುಬಿಡುತ್ತದೆ. ನೋಡುವವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗುವುದಿಲ್ಲ. ಆದರೆ ಕೆಲವು ಕೋಳಿಗಳಿಗೆ ಇದು ಆಗುವುದೇ ಇಲ್ಲ. ರೆಕ್ಕೆಯನ್ನು ನೆಲಕ್ಕೆ ಒತ್ತುತ್ತವೆ, ಕಾಲು ಝಾಡಿಸುತ್ತವೆ, ಒಂದೆರಡು ಸಲ ಹೊರಳಲು ನೋಡುತ್ತವೆ. ಆಮೇಲೆ ಸುಮ್ನೆ ಬಿದ್ದುಕೊಂಡಿರುತ್ತವೆ.

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ, ನ್ಯೂ ಹ್ಯಾಂಪ್‌ಶೈರ್ ತಳಿಯ ಕೋಳಿಗಳಲ್ಲಿ ಇಂಥವು ಕಾಣಿಸಿಕೊಂಡವು. ಅಸ್ಮಂಡ್‌ಸನ್ ಮತ್ತು ಜೂಲಿಯನ್ ಎಂಬ ಇಬ್ಬರು ವಿಜ್ಞಾನಿಗಳು 1956ರಲ್ಲಿ ಇದನ್ನು ವರದಿ ಮಾಡಿದರು. ಇದು ತಾಯಿ ತಂದೆಯಿಂದ ಮರಿಗೆ ಬರುವ ಸ್ನಾಯುರೋಗ. ರೋಗ ಎಷ್ಟು ಮುಂದುವರಿದಿದೆ ಎಂದು ಅಳೆಯಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ಕೋಳಿಯನ್ನು ಅಂಗಾತ ಮಲಗಿಸುವುದು, ಎದ್ದರೆ ಮತ್ತೆ ಮಲಗಿಸುವುದು, ಸುಸ್ತಾಗಿ ಬಿದ್ದುಕೊಳ್ಳುವ ಮೊದಲು ಎಷ್ಟು ಸಲ ಎದ್ದಿತು ಎಂದು ಎಣಿಸುವುದು. ಅಷ್ಟೇ.

ಈ ಪರೀಕ್ಷೆಯ ಬಗ್ಗೆ ಓದುವಾಗೆಲ್ಲ ನನ್ನ ಕಣ್ಣ ಮುಂದೆ ಒಂದು ಮಗು ಬರುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ 1879ರಲ್ಲಿ ವಿವರಿಸಿದ ಮಗು. ನೆಲದ ಮೇಲಿರುವ ನಾಲ್ಕೈದು ವರ್ಷದ ಹುಡುಗನಿಗೆ ಏಳು ಎಂದರೆ ಅವನು ನೇರವಾಗಿ ಏಳುವುದಿಲ್ಲ. ಮೊದಲು ಮಗ್ಗುಲಾಗಿ ಬೋರಲಾಗುತ್ತಾನೆ. ಎರಡೂ ಕೈ ನೆಲಕ್ಕೂರಿ ಸೊಂಟ ಎತ್ತುತ್ತಾನೆ. ಆಮೇಲೆ ಒಂದು ಕೈಯನ್ನು ಮೊಣಕಾಲ ಮೇಲಿಡುತ್ತಾನೆ, ಇನ್ನೊಂದನ್ನೂ ಇಡುತ್ತಾನೆ. ಅಲ್ಲಿಂದ ತೊಡೆಗೆ. ಹೀಗೆ ತನ್ನ ಕಾಲನ್ನೇ ಏಣಿ ಮಾಡಿಕೊಂಡು ಮೇಲೆ ಹತ್ತಿ ನಿಲ್ಲುತ್ತಾನೆ. ಮೀನಖಂಡ ನೋಡಿದರೆ ದಪ್ಪಗೆ, ಗಟ್ಟಿಮುಟ್ಟಾಗಿ ಕಾಣುತ್ತದೆ. ಅದು ಬಲವಲ್ಲ, ಕೊಬ್ಬು ಮತ್ತು ನಾರು ತುಂಬಿಕೊಂಡ ದಪ್ಪ. ಡುಶೆನ್ ಸ್ನಾಯುಕ್ಷಯ ಎಂಬ ಈ ಕಾಯಿಲೆ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ.

ಏಳಲಾಗದ ಕೋಳಿ, ಏಳಲಾಗದ ಮಗು. ಎರಡರ ಸ್ನಾಯುವಿನ ತೆಳು ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದೂ ಹೆಚ್ಚುಕಡಿಮೆ ಒಂದೇ ಚಿತ್ರ. ಕೆಲವು ಎಳೆಗಳು ಸತ್ತಿರುತ್ತವೆ, ಕೆಲವು ಹೊಸದಾಗಿ ಚಿಗುರುತ್ತಿರುತ್ತವೆ, ನಡುವೆ ಕೊಬ್ಬು ಮತ್ತು ನಾರು. ಸ್ನಾಯುವಿಗೆ ತನ್ನದೇ ರಿಪೇರಿ ವ್ಯವಸ್ಥೆ ಇದೆ. ಪ್ರತಿ ಎಳೆಗೂ ಅಂಟಿಕೊಂಡು ಸ್ಯಾಟಲೈಟ್ ಕೋಶಗಳು ಮಲಗಿರುತ್ತವೆ. ಅಲೆಕ್ಸಾಂಡರ್ ಮೌರೊ ಅವುಗಳನ್ನು 1961ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದ. ಎಳೆ ಹರಿದರೆ ಇವು ಎದ್ದು, ಮರಿ ಮಾಡಿ, ಹರಿದದ್ದನ್ನು ಹೊಲಿಯುತ್ತವೆ. ದಿನಾ ಹರಿಯುತ್ತಲೇ ಇದ್ದರೆ? ಹೊಲಿಗೆ ಹಿಂದೆ ಬೀಳುತ್ತದೆ. ಬರಿದಾದ ಜಾಗವನ್ನು ಕೊಬ್ಬೂ ನಾರೂ ತುಂಬುತ್ತವೆ. ನಾರು ಬಿಗಿಯಾಗಿ ಹಿಡಿದಿಡಬಲ್ಲದೇ ಹೊರತು ಸ್ನಾಯುವಿನ ಹಾಗೆ ತಾನಾಗಿ ಕುಗ್ಗಲಾರದು.

ಅಂದಮೇಲೆ ಕೋಳಿಯಲ್ಲಿ ಮದ್ದು ಹುಡುಕಿ ಮಕ್ಕಳಿಗೆ ಕೊಡಬಹುದು, ಅಲ್ವಾ? ಹಾಗೆಂದೇ ಅಂದುಕೊಂಡರು. ದಶಕಗಳ ಕಾಲ ಡೇವಿಸ್ ಕೋಳಿಗಳ ಸಂತತಿಯ ಮೇಲೆ ಒಂದಾದ ಮೇಲೊಂದು ಔಷಧಿ ಪ್ರಯೋಗ ನಡೆಯಿತು. 1970ರ ದಶಕದಲ್ಲಿ ಪೆನಿಸಿಲಮೈನ್ ಎಂಬ ಔಷಧಿ ಕೊಟ್ಟ ಕೋಳಿಗಳು ಇನ್ನಷ್ಟು ಕಾಲ ತಾವಾಗಿಯೇ ಏಳುತ್ತಿದ್ದವು. ದೊಡ್ಡ ಆಸೆ ಹುಟ್ಟಿತು. ಆದರೆ ಡುಶೆನ್ ಇರುವ ಹುಡುಗರ ಮೇಲೆ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದಾಗ ಅದರಿಂದ ಪ್ರಯೋಜನ ಸಿಗಲಿಲ್ಲ.

ಯಾಕೆ ಎಂಬುದಕ್ಕೆ ಉತ್ತರ ನಿಧಾನವಾಗಿ ಬಂತು. ಡುಶೆನ್‌ನ ಜೀನು 1986ರಲ್ಲಿ ಸಿಕ್ಕಿತು. ಮರುವರ್ಷ ಅದು ಮಾಡುವ ಪ್ರೊಟೀನು ಸಿಕ್ಕಿತು. ಅದಕ್ಕೆ ಡಿಸ್ಟ್ರೊಫಿನ್ ಎಂದು ಹೆಸರಿಟ್ಟರು. ಮನುಷ್ಯನ ಅತಿ ಉದ್ದದ ಜೀನುಗಳಲ್ಲಿ ಇದೂ ಒಂದು, 20 ಲಕ್ಷಕ್ಕೂ ಹೆಚ್ಚು ಅಕ್ಷರ. ಎಳೆಯ ಒಳಗಿನ ಚೌಕಟ್ಟನ್ನು ಹೊರಗಿನ ಪೊರೆಗೆ ಕಟ್ಟಿ ಹಿಡಿಯುವ ಹಗ್ಗದಂತಿರುತ್ತದೆ ಡಿಸ್ಟ್ರೊಫಿನ್. ಅದಿಲ್ಲದಿದ್ದರೆ ಸ್ನಾಯು ಕುಗ್ಗಿ ಹಿಗ್ಗುವಾಗ ಪೊರೆ ಹರಿಯುತ್ತದೆ. ಕೋಳಿಯಲ್ಲಿ ನೋಡಿದರೆ ಡಿಸ್ಟ್ರೊಫಿನ್ ಚೆನ್ನಾಗಿಯೇ ಇತ್ತು! ಅದರ ತಪ್ಪು ಬೇರೆ ಕಡೆ ಇತ್ತು. 2008ರಲ್ಲಿ ಜಪಾನಿನ ಸಂಶೋಧಕರು ಅದನ್ನು ಹಿಡಿದರು. ಡಬ್ಲ್ಯೂಡಬ್ಲ್ಯೂಪಿ1 ಎಂಬ ಜೀನಿನಲ್ಲಿ ಆದ ಬದಲಾವಣೆಯಿಂದ, ಅದು ಮಾಡುವ ಪ್ರೊಟೀನಿನ 441ನೇ ಜಾಗದಲ್ಲಿ ಒಂದು ಅಮೈನೊ ಆಮ್ಲದ ಬದಲು ಇನ್ನೊಂದು ಕೂತಿತ್ತು. ಕೋಶದೊಳಗೆ ಯಾವ ಪ್ರೊಟೀನನ್ನು ಒಡೆದು ಹಾಕಬೇಕು ಎಂದು ಗುರುತು ಹಚ್ಚುವ ಕೆಲಸ ಈ ಪ್ರೊಟೀನಿನದು. ಮಗುವಿನಲ್ಲಿ ಹಗ್ಗವಿಲ್ಲ, ಕೋಳಿಯಲ್ಲಿ ಗುರುತು ಹಚ್ಚುವವನೇ ಎಡವಿದ್ದಾನೆ.

ಇಷ್ಟು ವರ್ಷದ ಕೆಲಸ ದಂಡವಾಯಿತೇ ಎಂದರೆ ನಾನು ಒಪ್ಪುವುದಿಲ್ಲ. ರೋಗದ ಬೇರು ಬೇರೆಯಾದರೂ ಸ್ನಾಯು ಹಾಳಾಗುವ ದಾರಿ ಒಂದೇ ಎಂದು ಈ ಕೋಳಿಗಳು ತೋರಿಸಿದವು. ಹಾಗೆಯೇ, ದಾರಿ ಒಂದೇ ಎಂದ ಮಾತ್ರಕ್ಕೆ ಮದ್ದೂ ಒಂದೇ ಅಲ್ಲ ಎಂದೂ ಗೊತ್ತಾಯಿತು. ಆ ಎರಡನೆಯದನ್ನು ಕಲಿಯಲು ರೋಗಿಗಳ ಮನೆಯವರು ಎಷ್ಟು ಸಲ ಆಸೆಪಟ್ಟು ನಿರಾಸೆಗೊಂಡಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಈಚೆಗೆ ಅಂಗಾತ ಬಿದ್ದ ಕೋಳಿ ಇನ್ನೊಂದು ಕಡೆಯಿಂದ ಸುದ್ದಿಗೆ ಬಂದಿದೆ. ಈ ಸಲ ಪ್ರಯೋಗಾಲಯದಿಂದಲ್ಲ, ಬ್ರಾಯ್ಲರ್ ಫಾರಂಗಳಿಂದ. ಚೆನ್ನಾಗಿ ಬೆಳೆದ ಬ್ರಾಯ್ಲರ್‌ನ ಎದೆಮಾಂಸವನ್ನು ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗಬೇಕು. ಕೆಲವು ಕೋಳಿಗಳಲ್ಲಿ ಬೆರಳಿಗೆ ಹಲಗೆ ತಾಗಿದ ಹಾಗಾಗುತ್ತದೆ. ಮಾಂಸ ಬಿಳಿಚಿಕೊಂಡು ಉಬ್ಬಿರುತ್ತದೆ, ಒಮ್ಮೊಮ್ಮೆ ಮೇಲೆ ಅಂಟಂಟಾದ ನೀರು ಕೂಡ ಇರುತ್ತದೆ. ಇಂಗ್ಲಿಷಿನಲ್ಲಿ ವುಡನ್ ಬ್ರೆಸ್ಟ್ ಎನ್ನುತ್ತಾರೆ. ಮರಗಟ್ಟಿದ ಎದೆ ಎನ್ನಲು ಅಡ್ಡಿಯಿಲ್ಲ. ಫಿನ್ಲೆಂಡಿನ ವಿಜ್ಞಾನಿಗಳು 2014ರಲ್ಲಿ ಇದರ ಮೊದಲ ವಿವರವಾದ ವರದಿ ಕೊಟ್ಟರು. ಅಲ್ಲೂ ಅದೇ ಚಿತ್ರ: ಸತ್ತ ಎಳೆ, ಚಿಗುರುವ ಎಳೆ, ನಡುವೆ ನಾರು. ಎದೆ ಹೀಗಾದ ಕೋಳಿಗಳು ಬೆನ್ನ ಮೇಲೆ ಬಿದ್ದರೆ ಏಳಲಾಗದೆ ಸತ್ತ ಪ್ರಕರಣಗಳೂ ವರದಿಯಾಗಿವೆ.

ಇದಕ್ಕೆ ಒಂದು ಜೀನನ್ನು ಬೊಟ್ಟು ಮಾಡಿ ತೋರಿಸಲಾಗುವುದಿಲ್ಲ. ಆದರೆ ಹಿನ್ನೆಲೆ ಕಣ್ಣಿಗೆ ರಾಚುವಂತಿದೆ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 1957ರ ಮತ್ತು 1978ರ ಕೋಳಿ ವಂಶಗಳನ್ನು ಬದಲಾಗದಂತೆ ಕಾಪಾಡಿ ಇಟ್ಟಿದ್ದರು. ಅವನ್ನೂ 2005ರ ಬ್ರಾಯ್ಲರನ್ನೂ ಒಂದೇ ಆಹಾರ ಕೊಟ್ಟು ಸಾಕಿದರು. 56 ದಿನಕ್ಕೆ 1957ರ ಕೋಳಿ ಸರಾಸರಿ 905 ಗ್ರಾಂ ಇತ್ತು. 1978ರದ್ದು 1,808 ಗ್ರಾಂ. 2005ರದ್ದು 4,202 ಗ್ರಾಂ! ಅದರಲ್ಲೂ ಜಾಸ್ತಿ ಬೆಳೆದದ್ದು ಎದೆ. ಸ್ನಾಯು ಇಷ್ಟು ಬೇಗ ಉಬ್ಬುವಾಗ ರಕ್ತನಾಳಗಳು ಅದರ ಜೊತೆ ಹೆಜ್ಜೆ ಹಾಕಲಾರವು. ಎಳೆಗಳಿಗೆ ಆಮ್ಲಜನಕ ಸಾಲುವುದಿಲ್ಲ. ಸುಟ್ಟ ಇಂಧನದ ಕಸವೂ ಸರಿಯಾಗಿ ಹೊರಗೆ ಹೋಗುವುದಿಲ್ಲ. ಮರಿಗೆ ಎರಡು ವಾರ ತುಂಬುವ ಮೊದಲೇ ಎದೆಯ ಅಭಿಧಮನಿಗಳ ಸುತ್ತ ಉರಿಯೂತ ಶುರುವಾಗಿರುತ್ತದೆ. ಹೊರಗಿನಿಂದ ನೋಡಿದರೆ ಆಗ ಏನೂ ತಿಳಿಯುವುದಿಲ್ಲ.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿ ಇನ್ನೊಂದು ಹೋಲಿಕೆ ಕಂಡಿದ್ದಾರೆ. ಈ ಕೋಳಿಯ ಎದೆಯಲ್ಲಿ ಕೊಬ್ಬು ಮತ್ತು ಸಕ್ಕರೆಯ ವ್ಯವಹಾರ ಹದ ತಪ್ಪಿರುವ ರೀತಿ ಮನುಷ್ಯರ ಟೈಪ್ 2 ಡಯಾಬಿಟಿಸ್‌ನ ತೊಂದರೆಗಳನ್ನು ನೆನಪಿಸುತ್ತದೆ ಎಂಬುದು ಅವರ ವಾದ. ಸ್ನಾಯು ತಾನು ಬಳಸಲಾರದಷ್ಟು ಕೊಬ್ಬನ್ನು ಒಳಗೆ ಎಳೆದುಕೊಳ್ಳುತ್ತದೆ, ಆ ಕೊಬ್ಬೇ ಅದಕ್ಕೆ ವಿಷವಾಗುತ್ತದೆ. ಇದು ಸದ್ಯಕ್ಕೆ ಒಂದು ಪ್ರಸ್ತಾಪ. ಕೋಳಿಗೆ ಡಯಾಬಿಟಿಸ್ ಬಂದಿದೆ ಎಂದು ಯಾರೂ ಓದಿಕೊಳ್ಳಬಾರದು. ಮರಗಟ್ಟಿದ ಎದೆ ತಿಂದವರಿಗೆ ಅಂಟುವ ರೋಗವೂ ಅಲ್ಲ. ಮಾಂಸದಲ್ಲಿ ಪ್ರೊಟೀನು ಕಡಿಮೆಯಾಗಿ ಕೊಬ್ಬು, ನಾರು ಜಾಸ್ತಿಯಾಗುತ್ತದೆ, ಅಗಿಯಲು ಗಟ್ಟಿಯಾಗುತ್ತದೆ. ನಿಜವಾಗಿ ಕಷ್ಟ ಪಡುವುದು ಕೋಳಿ.

ಒಳಗಿನ ಎದೆಸ್ನಾಯುವಿನ ಕಥೆ ಇನ್ನೂ ಸರಳ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ರೆಕ್ಕೆ ಎತ್ತುವ ಈ ಸ್ನಾಯು ಎದೆಮೂಳೆಗೂ ಬಿಗಿಯಾದ ಪೊರೆಗೂ ನಡುವೆ ಸಿಕ್ಕಿಕೊಂಡಿದೆ. ಕೆಲಸ ಮಾಡುವ ಯಾವ ಸ್ನಾಯುವಾದರೂ ರಕ್ತ ತುಂಬಿ ಉಬ್ಬುತ್ತದೆ. ಭಾರಿ ಎದೆಯ ಕೋಳಿ ಗಾಬರಿಯಾಗಿ ಪಟಪಟ ರೆಕ್ಕೆ ಬಡಿದರೆ ಈ ಸ್ನಾಯು ಉಬ್ಬಲು ಜಾಗವಿಲ್ಲದೆ ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ. ರಕ್ತ ನಿಂತು ಸತ್ತು, ದಿನ ಕಳೆದ ಹಾಗೆ ಹಸಿರಾಗುತ್ತದೆ. ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯುವಿಗೆ ಇದೇ ಗತಿ ಬರುವುದನ್ನು ದೂರ ನಡೆದ ಸೈನಿಕರಲ್ಲಿ ವೈದ್ಯರು ಕಂಡಿದ್ದಾರೆ. ಬಿಗಿ ಪೊರೆಯನ್ನು ಬೇಗ ಸೀಳಿ ಜಾಗ ಮಾಡಿಕೊಟ್ಟರೆ ಮನುಷ್ಯನ ಕಾಲು ಉಳಿಯುತ್ತದೆ. ಕೋಳಿಗೆ ಮಾಡಬಹುದಾದದ್ದು ಅದನ್ನು ಬೆದರಿಸದೆ ಇರುವುದು.

ಆಹಾರದಲ್ಲಿನ ಕೊರತೆಯೂ ಸ್ನಾಯುವನ್ನು ಕೆಡಿಸುತ್ತದೆ. ಇ ವಿಟಮಿನ್ ಸಾಲದ ಮರಿಗಳ ಎದೆಯಲ್ಲಿ ಬಿಳಿ ಗೆರೆಗಳು ಮೂಡುತ್ತವೆ. ಮರಿಗಳ ಚರ್ಮದ ಕೆಳಗೆ ನೀರು ತುಂಬುವ ಕಾಯಿಲೆಯನ್ನು ಸೆಲೆನಿಯಂ ತಡೆಯುತ್ತದೆ ಎಂದು 1957ರಲ್ಲೇ ತಿಳಿಯಿತು. ಚೀನಾದ ಕೆಶಾನ್ ಪ್ರಾಂತದಲ್ಲಿ 1935ರಲ್ಲಿ ಗುರುತಿಸಿದ ಹೃದಯಸ್ನಾಯುವಿನ ರೋಗಕ್ಕೂ ಮಣ್ಣಿನಲ್ಲಿ ಸೆಲೆನಿಯಂ ಇಲ್ಲದಿರುವುದೇ ದೊಡ್ಡ ಕಾರಣ ಎಂದು ಆಮೇಲೆ ಗೊತ್ತಾಯಿತು. 1970ರ ದಶಕದಲ್ಲಿ ಚೀನಾದಲ್ಲಿ ಈ ರೋಗವಿದ್ದ ಕಡೆಯ ಮಕ್ಕಳಿಗೆ ಸೆಲೆನಿಯಂ ಮಾತ್ರೆ ಕೊಟ್ಟಾಗ ಹೊಸ ರೋಗಿಗಳ ಸಂಖ್ಯೆ ಗಣನೀಯವಾಗಿ ಇಳಿಯಿತು.

ಡುಶೆನ್‌ಗೆ ಅಂಥ ಸುಲಭದ ಮಾತ್ರೆ ಇಲ್ಲ. ಸ್ಟೆರಾಯ್ಡುಗಳು ರೋಗದ ವೇಗ ತಗ್ಗಿಸುತ್ತವೆ, ಆದರೆ ಮಕ್ಕಳ ಎತ್ತರ, ಮೂಳೆ, ತೂಕಕ್ಕೆ ತೊಂದರೆ ಮಾಡುತ್ತವೆ. ಆ ತೊಂದರೆ ಕಡಿಮೆಯಾಗಲಿ ಎಂದು ರೂಪಿಸಿದ ವಮೊರೊಲೋನ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಾಲ್ಕರಿಂದ ಏಳು ವರ್ಷದೊಳಗಿನ ಹುಡುಗರಿಗೆ 24 ವಾರ ಕೊಟ್ಟು ಅದನ್ನು ಪರೀಕ್ಷಿಸಿದ್ದರು. ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮುಖ್ಯವಾಗಿ ನೋಡಿದ್ದು ಒಂದೇ ಸಂಗತಿ. ಹುಡುಗನನ್ನು ನೆಲದ ಮೇಲೆ ಅಂಗಾತ ಮಲಗಿಸುತ್ತಾರೆ. ಏಳು ಎನ್ನುತ್ತಾರೆ. ಅವನು ನೆಟ್ಟಗೆ ನಿಲ್ಲುವ ತನಕ ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳುತ್ತಾರೆ.