ಎಕ್ಸ್‌ಪೆಕ್ಟೇಶನ್ ಎಷ್ಟು ಅಂತ ಕೇಳ್ತಾರೆ, ನೋಡೋದು ಮಾತ್ರ ಹಳೇ ಪೇಸ್ಲಿಪ್

ಹೋದ ತಿಂಗಳು ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಅವನ ತಮ್ಮ ಮಾಳಿಗೆ ಹತ್ತಿ ಫೋನಿನಲ್ಲಿ ಮಾತಾಡುತ್ತಿದ್ದ. ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ಕರೆ. ಕೆಲಸ ಸೀನಿಯರ್ ಯುಎಕ್ಸ್ ಡಿಸೈನರ್, ಅಂದರೆ ಆ್ಯಪ್, ವೆಬ್‌ಸೈಟುಗಳನ್ನು ಬಳಸುವವರಿಗೆ ಸುಲಭವಾಗುವ ಹಾಗೆ ರೂಪಿಸುವುದು. ಹುಡುಗನಿಗೆ ಏಳು ವರ್ಷದ ಅನುಭವ. ಈಗಿನ ಪಗಾರ ವರ್ಷಕ್ಕೆ 9 ಲಕ್ಷ. ಅವನು 18 ಕೇಳಿದ್ದ.

‘ಡಬಲ್ ಹೇಗೆ ಕೊಡೋಕಾಗುತ್ತೆ? ಶೇ. 30 ಹೈಕ್ ನಮ್ಮ ಪಾಲಿಸಿ. ಅದೂ ಅಲ್ದೆ ನೀವು ಬಳ್ಳಾರಿಯಲ್ಲೇ ಇರ್ತೀರಲ್ವಾ, ಖರ್ಚು ಕಡಿಮೆ’ ಅಂದರಂತೆ. ಕೆಳಗಿಳಿದು ಬಂದವನು ಮುಖ ಸಣ್ಣದು ಮಾಡಿಕೊಂಡು ಕೇಳಿದ: ‘ಅಣ್ಣಾ, ನಾನು ಜಾಸ್ತಿ ಕೇಳಿದ್ನಾ?’

ಪಡಸಾಲೆಯಲ್ಲಿ ಅವನ ತಾಯಿ ಜೀನ್ಸ್ ಪ್ಯಾಂಟಿನ ರಾಶಿ ಮುಂದೆ ಕೂತಿದ್ದರು. ಹೊಲಿಗೆ ಮುಗಿದ ಪ್ಯಾಂಟಿನಲ್ಲಿ ಜೋತಾಡುವ ದಾರ ಕತ್ತರಿಸುವುದು ಅವರ ಕೆಲಸ. ಎಡಗೈಲಿ ಹೊಲಿಗೆ ಎಳೆದು ಹಿಡಿಯುವುದು, ಬಲಗೈಲಿ ಪುಟ್ಟ ಕತ್ತರಿ. ಟಕ್, ಟಕ್, ಮುಂದಿನ ಪ್ಯಾಂಟು. ಪೀಸಿಗೆ ಎಷ್ಟು ಅಂತ ಅವರಿಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು, ಇಡೀ ಓಣಿಗೆ ಗೊತ್ತು. ರೇಟು ಕಡಿಮೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನೀವು ಹಿಂದೆ ಎಲ್ಲಿ ಕತ್ತರಿಸ್ತಿದ್ರಿ, ಅಲ್ಲಿ ಎಷ್ಟು ಕೊಡ್ತಿದ್ರು’ ಅಂತ ಅವರನ್ನು ಯಾರೂ ಕೇಳುವುದಿಲ್ಲ.

ನಮ್ಮ ಕಡೆ ಪಗಾರ ಅಂದರೆ ಬಹಿರಂಗದ ವಿಷಯ. ಸರ್ಕಾರಿ ನೌಕರಿಗಂತೂ ಅಚ್ಚಾದ ಸ್ಕೇಲ್ ಇದೆ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿದ್ದನ್ನು ಚಹಾ ಅಂಗಡಿಯಲ್ಲಿ ಕೂತವರೆಲ್ಲ ಬಾಯಿಪಾಠ ಹೇಳುತ್ತಿದ್ದರು. ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯ 371ಜೆ ಸರ್ಟಿಫಿಕೇಟ್ ಮಾಡಿಸಿಟ್ಟುಕೊಂಡು ನೋಟಿಫಿಕೇಶನ್ ಕಾಯುವ ಹುಡುಗ ಹುಡುಗಿಯರಿಗೆ ಯಾವ ಹುದ್ದೆಗೆ ಎಷ್ಟು ಅಂತ ಅರ್ಜಿ ಹಾಕುವ ಮೊದಲೇ ಗೊತ್ತಿರುತ್ತದೆ. ಇಂಥ ಊರಿನಿಂದ ಹೋದವರಿಗೆ ‘ನಿಮ್ಮ ಬೆಲೆ ನೀವೇ ಹೇಳಿ’ ಅನ್ನುವುದು ವಿಚಿತ್ರವಾಗಿಯೇ ಕಾಣುತ್ತದೆ.

ಡಿಸೈನರ್ ಕೆಲಸಕ್ಕೆ ಅಂಥ ಸ್ಕೇಲ್ ಯಾಕೆ ಹುಟ್ಟಲಿಲ್ಲ? ಒಂದು ಕಾರಣ, ಕೆಲಸದ ಹೆಸರೇ ಒಂದು ಕಡೆ ನಿಲ್ಲಲಿಲ್ಲ. 1993ರಲ್ಲಿ ಅಮೆರಿಕದ ಡಿಸೈನ್ ತಜ್ಞ ಡಾನ್ ನಾರ್ಮನ್ ಆಪಲ್ ಕಂಪನಿ ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲಿ ‘ಯೂಸರ್ ಎಕ್ಸ್‌ಪೀರಿಯನ್ಸ್’, ಅಂದರೆ ಯುಎಕ್ಸ್, ಅನ್ನುವ ಮಾತು ಸೇರಿಸಿಕೊಂಡರು. ಆ ಪದ ಚಾಲ್ತಿಗೆ ಬಂದದ್ದು ಹಾಗೆ. ಡಿಸೈನ್ ಕಲಿಸುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ಅಹಮದಾಬಾದಿನ ಎನ್‌ಐಡಿ ಶುರುವಾಗಿದ್ದು 1961ರಲ್ಲಿ, ಮುಂಬೈ ಐಐಟಿಯ ಐಡಿಸಿ 1969ರಲ್ಲಿ. ಆದರೆ ಅಲ್ಲಿಂದ ಬರುತ್ತಿದ್ದವರು ಕೆಲವೇ ಜನ. ಉಳಿದ ನಾವು ಬೇರೆ ಬಾಗಿಲಿನಿಂದ ಬಂದವರು.

ನಾನು ಬಂದದ್ದು ಡಿಟಿಪಿ ಅಂಗಡಿಯಿಂದ. ಕೋರೆಲ್‌ಡ್ರಾ, ಪೇಜ್‌ಮೇಕರ್, ನುಡಿ. ಮದುವೆ ಕಾರ್ಡು, ನಾಯಕರ ಹುಟ್ಟುಹಬ್ಬದ ಫ್ಲೆಕ್ಸು. ಅಲ್ಲಿಂದ ವೆಬ್ ಡಿಸೈನರ್ ಆದೆ, ಆಮೇಲೆ ಸ್ಕ್ರೀನಿನ ನೋಟ ನೋಡಿಕೊಳ್ಳುವ ಯುಐ ಡಿಸೈನರ್, ಆಮೇಲೆ ಯುಎಕ್ಸ್ ಡಿಸೈನರ್. ಈಗ ಕಾರ್ಡಿನ ಮೇಲೆ ಪ್ರಾಡಕ್ಟ್ ಡಿಸೈನರ್ ಅಂತಿದೆ. ಕೆಲಸ ಅಷ್ಟೇನೂ ಬದಲಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೆಸರು ಬದಲಾದಾಗ ಪಗಾರ ಬದಲಾದಷ್ಟು ಕೆಲಸ ಬದಲಾಗಲಿಲ್ಲ.

2000ದ ದಶಕದಲ್ಲಿ ಬೆಂಗಳೂರಿನ ಹೆಚ್ಚಿನ ಕೆಲಸ ಐಟಿ ಸೇವಾ ಕಂಪನಿಗಳದ್ದು. ವಿದೇಶದ ಗಿರಾಕಿಗೆ ಗಂಟೆ ಲೆಕ್ಕದಲ್ಲಿ ಬಿಲ್. ಡಿಸೈನರ್ ಅಂದರೆ ಕೋಡ್ ಬರೆದಾದ ಮೇಲೆ ಸ್ಕ್ರೀನಿಗೆ ಬಣ್ಣ ಹಚ್ಚುವವನು. ಆ ಕಂಪನಿಗಳಲ್ಲಿ ಹೊಸಬರ ಸಂಬಳ ಎಷ್ಟೋ ವರ್ಷಗಳಿಂದ 3–4 ಲಕ್ಷದ ಆಸುಪಾಸಿನಲ್ಲೇ ನಿಂತಿರುವುದು ಎಲ್ಲರಿಗೂ ಗೊತ್ತು. 2007ರಲ್ಲಿ ಐಫೋನ್ ಬಂತು, ಮರುವರ್ಷ ಮೊದಲ ಆಂಡ್ರಾಯ್ಡ್ ಫೋನ್. 2016ರಲ್ಲಿ ಯುಪಿಐ ಮತ್ತು ಜಿಯೋ ಒಟ್ಟೊಟ್ಟಿಗೆ ಬಂದವು. ಆಗ ಲೆಕ್ಕ ತಲೆಕೆಳಗಾಯಿತು. ಒಂದು ಬಟನ್ ಎಲ್ಲಿದೆ ಅನ್ನುವುದರ ಮೇಲೆ ದುಡ್ಡು ಹೋಗುತ್ತದೋ ಇಲ್ಲವೋ ಅಂತ ತೀರ್ಮಾನವಾಗತೊಡಗಿತು. ಗಂಗಾವತಿಯ ಭತ್ತದ ವ್ಯಾಪಾರಿಯೂ ಅದೇ ಆ್ಯಪ್, ಬೆಂಗಳೂರಿನ ಇಂಜಿನಿಯರೂ ಅದೇ ಆ್ಯಪ್. ಇಬ್ಬರಿಗೂ ತಿಳಿಯುವ ಹಾಗೆ ಮಾಡುವವರಿಗೆ ಬೆಲೆ ಬಂತು.

ಬೆಲೆಯೇನೋ ಬಂತು, ಅದನ್ನು ಅಳೆಯುವ ಕೋಲು ಮಾತ್ರ ಹಳೆಯದೇ ಉಳಿಯಿತು. ನೌಕ್ರಿ ಡಾಟ್ ಕಾಮ್ ಶುರುವಾಗಿದ್ದು 1997ರಲ್ಲಿ. ಕಾಗದದ ಬಯೋಡೇಟಾ ಹೋಗಿ ಫಾರಂ ತುಂಬುವ ಕಾಲ ಬಂತು. ಫಾರಂ ಅಂದಮೇಲೆ ಖಾನೆ ಇರಲೇಬೇಕು. ಈಗಿನ ಸಿಟಿಸಿ (ಕಂಪನಿ ಲೆಕ್ಕದ ವರ್ಷದ ಒಟ್ಟು ಸಂಬಳ), ನಿರೀಕ್ಷಿಸುವ ಸಿಟಿಸಿ, ನೋಟಿಸ್ ಪೀರಿಯಡ್. ಸಾವಿರಾರು ಅರ್ಜಿ ಸೋಸುವ ಎಚ್‌ಆರ್‌ಗೆ ಇದು ಸುಲಭದ ಜರಡಿ. ಪೋರ್ಟ್‌ಫೋಲಿಯೋ, ಅಂದರೆ ಹಿಂದೆ ಮಾಡಿದ ಕೆಲಸಗಳ ಸಂಗ್ರಹ, ತೆಗೆದು ನೋಡಲು ಅರ್ಧ ಗಂಟೆ ಬೇಕು, ಒಂದು ಸಂಖ್ಯೆ ನೋಡಲು ಅರೆ ಕ್ಷಣ ಸಾಕು. ಹೀಗೆ ನಿರೀಕ್ಷೆ ಅನ್ನುವುದು ಹಳೇ ಸಂಬಳದ ಮೇಲೆ ಶೇಕಡಾ ಇಷ್ಟು ಅನ್ನುವ ಗುಣಾಕಾರವಾಗಿಬಿಟ್ಟಿತು. ಕೊನೆಗೆ ಮೂರು ತಿಂಗಳ ಪೇಸ್ಲಿಪ್ ಕೂಡ ಕೇಳುತ್ತಾರೆ, ಸುಳ್ಳು ಹೇಳಿಲ್ಲ ತಾನೇ ಅಂತ.

ಇದರ ಏಟು ಸಣ್ಣದಲ್ಲ. ಒಬ್ಬ 3 ಲಕ್ಷಕ್ಕೆ ಶುರು ಮಾಡಿದ, ಇನ್ನೊಬ್ಬ 6 ಲಕ್ಷಕ್ಕೆ ಅಂದುಕೊಳ್ಳಿ. ಇಬ್ಬರಿಗೂ ವರ್ಷಕ್ಕೆ ಶೇ. 10 ಏರಿಕೆ. ಏಳು ವರ್ಷ ಆದಮೇಲೆ ಒಬ್ಬನದು 5.85 ಲಕ್ಷ, ಇನ್ನೊಬ್ಬನದು 11.7 ಲಕ್ಷ. ಮೂರು ಲಕ್ಷದ ಅಂತರ ಹೆಚ್ಚುಕಡಿಮೆ ಆರು ಲಕ್ಷ ಆಯಿತು. ಕ್ಯಾಂಪಸ್ ಇಂಟರ್‌ವ್ಯೂ ಬಾರದ ಕಾಲೇಜಿನಲ್ಲಿ ಓದಿ, ಸಿಕ್ಕಿದ್ದಕ್ಕೆ ಸೇರಿಕೊಂಡವರ ಬೆನ್ನಿಗೆ ಆ ಮೊದಲ ಸಂಬಳ ಅಂಟಿಕೊಂಡೇ ಇರುತ್ತದೆ.

ನನಗೂ ಹೀಗೇ ಆಗಿದೆ. ಒಂದು ಕಂಪನಿಯಲ್ಲಿದ್ದಾಗ ಪಕ್ಕದ ಸೀಟಿನ ಗೆಳೆಯ ತೆರಿಗೆ ರಿಟರ್ನ್ಸ್ ತುಂಬೋಕೆ ಸಹಾಯ ಮಾಡು ಅಂತ ಸಂಬಳದ ವಿವರ ಇರುವ ಫಾರಂ 16 ಕೊಟ್ಟ. ಇಬ್ಬರದೂ ಒಂದೇ ಹುದ್ದೆ, ಒಂದೇ ಪ್ರಾಜೆಕ್ಟ್. ಅವನ ಸಂಬಳ ನನ್ನದರ ದುಪ್ಪಟ್ಟಿಗೆ ಸ್ವಲ್ಪ ಕಡಿಮೆ. ಫಾರಂ ತುಂಬಿ ಕೊಟ್ಟೆ. ಮಧ್ಯಾಹ್ನ ಊಟ ಸೇರಲಿಲ್ಲ.

ಬೇರೆ ದೇಶಗಳಲ್ಲಿ ಈ ಗಂಟನ್ನು ಕಾನೂನಿನಿಂದ ಬಿಡಿಸಲು ನೋಡಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ 2016ರಲ್ಲಿ ಕಾನೂನು ಮಾಡಿ, 2018ರಿಂದ ಹಳೇ ಸಂಬಳ ಕೇಳುವುದನ್ನೇ ನಿಲ್ಲಿಸಿತು. ಹೆಂಗಸರಿಗೆ ಒಮ್ಮೆ ಕಡಿಮೆ ಕೊಟ್ಟದ್ದು ಮುಂದಿನ ಪ್ರತಿ ಕೆಲಸಕ್ಕೂ ಹಬ್ಬುತ್ತದೆ ಅನ್ನುವುದು ಅದರ ಹಿಂದಿನ ಮುಖ್ಯ ಕಾರಣ. ಕೊಲರಾಡೊದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್‌ನಿಂದ ಕೆಲಸದ ಜಾಹೀರಾತಿನಲ್ಲೇ ಇಷ್ಟರಿಂದ ಇಷ್ಟು ಅಂತ ಸಂಬಳ ಹಾಕಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ.

ಇನ್ನು ‘ಬಳ್ಳಾರಿಯಲ್ಲೇ ಇರ್ತೀರಲ್ವಾ’ ಅನ್ನುವ ಮಾತು. ಇದು ಕೊರೊನಾ ಕಾಲದ ಕೂಸು. 2020ರ ಮೇನಲ್ಲಿ ಫೇಸ್‌ಬುಕ್ಕಿನ ಜುಕರ್‌ಬರ್ಗ್, ಮನೆಯಿಂದ ಕೆಲಸ ಮಾಡುವವರು ಅಗ್ಗದ ಊರಿಗೆ ಹೋದರೆ ಸಂಬಳವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ ಅಂದರು. ಅದೇ ಆಲೋಚನೆ ಸುತ್ತಿ ಸುತ್ತಿ ನಮ್ಮ ಕೌಲ್‌ಬಜಾರಿನ ಮಾಳಿಗೆಗೂ ಬಂತು. ನನಗಿದು ಒಪ್ಪಿಗೆಯಿಲ್ಲ. ಬಳ್ಳಾರಿಯಲ್ಲಿ ಹೊಲಿದ ಜೀನ್ಸು ಬೆಂಗಳೂರಿನ ಅಂಗಡಿಯಲ್ಲಿ ಬಳ್ಳಾರಿ ರೇಟಿಗೆ ಸಿಗುತ್ತದಾ? ಹಾಗೇ ಬಳ್ಳಾರಿಯಲ್ಲಿ ಕೂತು ಮಾಡಿದ ಡಿಸೈನ್ ಅಂತ ಕಂಪನಿ ತನ್ನ ಗಿರಾಕಿಗೆ ಬಿಲ್ ಕಡಿಮೆ ಮಾಡುವುದಿಲ್ಲ.

ಹಾಗಂತ ಕೇಳಿದ್ದೆಲ್ಲ ಸಿಗುವ ಕಾಲವೂ ಇದಲ್ಲ. 2021ರಲ್ಲಿ ಸ್ಟಾರ್ಟಪ್‌ಗಳಿಗೆ ದುಡ್ಡು ಸುರಿಯುತ್ತಿತ್ತು. ಒಬ್ಬೊಬ್ಬ ಡಿಸೈನರ್ ಕೈಯಲ್ಲಿ ಮೂರು ಆಫರ್. ಅದನ್ನು ನೋಡಿದಾಗ ನನಗೆ ನಮ್ಮೂರಿನ ಅದಿರಿನ ಕಾಲ ನೆನಪಾಗುತ್ತಿತ್ತು. ಚೀನಾ ಕೊಳ್ಳುತ್ತಿದ್ದಷ್ಟು ದಿನ ಲಾರಿ ಇದ್ದವನೇ ರಾಜ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ಸಾಲಾಗಿ ನಿಂತುಬಿಟ್ಟವು. 2022ರ ಕೊನೆಗೆ ಇಲ್ಲೂ ಹಾಗೇ. ಹಣ ಬತ್ತಿತು, ಕೆಲಸ ಕಡಿತ ಶುರುವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಸಾದಾ ಸ್ಕ್ರೀನನ್ನು ಯಂತ್ರವೇ ಬಿಡಿಸುತ್ತದೆ. ಏಳೆಂಟು ವರ್ಷ ಅನುಭವ ಇರುವವರ ಕಥೆ ಹೆಚ್ಚು ಇಕ್ಕಟ್ಟಿನದು. ಬರೀ ಸ್ಕ್ರೀನ್ ಬಿಡಿಸುತ್ತೇನೆ ಅಂದರೆ ಅವರು ದುಬಾರಿ, ಟೀಂ ನಡೆಸುತ್ತೇನೆ ಅಂದರೆ ಅನುಭವ ಸಾಲದು.

ಆ ದಿನ ನಾನೂ ಹುಡುಗನೂ ಕೂತು 18 ಲಕ್ಷವನ್ನು ಬಿಡಿಸಿ ನೋಡಿದೆವು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1.5 ಲಕ್ಷ. ಆದರೆ ಸಿಟಿಸಿ ಅಂದರೆ ಕಂಪನಿಗೆ ತಗಲುವ ಖರ್ಚು, ನಮ್ಮ ಕೈಗೆ ಬರುವ ದುಡ್ಡಲ್ಲ. ಬೇಸಿಕ್ ಅರ್ಧ, ಅಂದರೆ 9 ಲಕ್ಷ ಅಂತಿಟ್ಟುಕೊಂಡೆವು. ಶೇ. 10 ವೇರಿಯಬಲ್ (ಕೆಲಸ ನೋಡಿ ಆಮೇಲೆ ಕೊಡುವ ಪಾಲು) ಅಂತ 1.8 ಲಕ್ಷ ಪಕ್ಕಕ್ಕೆ ಹೋಯಿತು. ಕಂಪನಿ ಪಾಲಿನ ಪಿಎಫ್ ಬೇಸಿಕ್‌ನ ಶೇ. 12, ಅಂದರೆ 1.08 ಲಕ್ಷ. ಗ್ರ್ಯಾಚ್ಯುಟಿ ಅಂತ ಇನ್ನೂ 43 ಸಾವಿರ ಚಿಲ್ಲರೆ. ಉಳಿದದ್ದು ತಿಂಗಳಿಗೆ ಸುಮಾರು 1,22,000. ಅದರಲ್ಲಿ ನಮ್ಮ ಪಾಲಿನ ಪಿಎಫ್ 9,000, ವೃತ್ತಿ ತೆರಿಗೆ 200, ಹೊಸ ಪದ್ಧತಿಯ ಆದಾಯ ತೆರಿಗೆ ಸುಮಾರು 7,700. ಕೊನೆಗೆ ಕೈಗೆ 1,05,000 ಚಿಲ್ಲರೆ. ಹುಡುಗ ಹಾಳೆಯನ್ನು ಎರಡು ಸಲ ನೋಡಿದ.

‘ಮುಂದಿನ ಸಲ ನಿನ್ನ ಸಂಖ್ಯೆ ಹೇಳೋ ಮುಂಚೆ ಅವರದ್ದು ಕೇಳು’ ಅಂದೆ. ಪ್ರತಿ ಹುದ್ದೆಗೂ ಕಂಪನಿಯೊಳಗೆ ಒಂದು ಬಜೆಟ್ ಇಟ್ಟೇ ಇರುತ್ತಾರೆ. ಕೇಳಿದರೆ ಕೆಲವರು ಹೇಳುತ್ತಾರೆ, ಕೆಲವರು ಜಾರಿಕೊಳ್ಳುತ್ತಾರೆ. ಹೆಚ್ಚೆಂದರೆ ಏನಾಗುತ್ತೆ, ಇಲ್ಲ ಅಂತಾರೆ ಅಷ್ಟೇ.

ಹದಿನೈದು ದಿನ ಬಿಟ್ಟು ಇನ್ನೊಂದು ಕಂಪನಿಯಿಂದ ಕರೆ ಬಂತಂತೆ. ‘ಈ ಪೋಸ್ಟಿಗೆ ಎಷ್ಟು ಇಟ್ಟಿದ್ದೀರಿ ಮೇಡಂ?’ ಅಂತ ಕೇಳಿದನಂತೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಹದಿನಾರರಿಂದ ಇಪ್ಪತ್ತು’ ಅಂದರಂತೆ. ಇವನು ಹೆದರಿ ಈ ಸಲ ಹದಿಮೂರು ಹೇಳೋಣ ಅಂತಿದ್ದನಂತೆ.

ಇನ್ನೂ ಎರಡು ರೌಂಡ್ ಬಾಕಿ ಇದೆ. ಸೆಲೆಕ್ಟ್ ಆದರೂ ಈಗಿನ ಕಂಪನಿಯಲ್ಲಿ 90 ದಿನದ ನೋಟಿಸ್. ಅಷ್ಟರಲ್ಲೇ ಖುಷಿ ತಡೆಯದೆ ಅಮ್ಮನಿಗೆ ಸುದ್ದಿ ಹೇಳಿದ್ದಾನೆ. ಅವರು ಕತ್ತರಿ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: ‘ಎಲ್ಲಾ ಕಟ್ಟಾಗಿ ಕೈಗೆಷ್ಟ್ ಬರ್ತೈತಿ?’ ಅವನು ಮತ್ತೆ ಹಾಳೆ, ಪೆನ್ನು ಹುಡುಕಿಕೊಂಡು ಹೋದನಂತೆ.