ಸಡಿಲ ಕೈಯ ಎದುರಾಳಿ ಕಳೆದದ್ದು ಯಾರ ಪಾಲಿಗೆ?

ಗೆಳೆಯರ ಮನೆಗಳಲ್ಲೋ ಕ್ಲಬ್ಬುಗಳಲ್ಲೋ ಪೋಕರ್ ಟೂರ್ನಮೆಂಟ್ ಆಡಿ ಪಳಗಿದ ಬೆಂಗಳೂರಿಗರ ಬಾಯಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: "ಆಟ ಗೊತ್ತಿರೋರ ಜೊತೆ ಆಡಬಹುದು ಗುರು, ಗೊತ್ತಿಲ್ಲದೋರ ಜೊತೆ ಆಗಲ್ಲ. ಏನು ಬಂದ್ರೂ ಕಾಲ್ ಮಾಡ್ತಾರೆ, ಕೊನೇ ಎಲೇಲಿ ಹೊಡೀತಾರೆ." ಕಾಲ್ ಮಾಡುವುದೆಂದರೆ ಎದುರಾಳಿ ಕಟ್ಟಿದಷ್ಟೇ ಪಂತ ತಾನೂ ಕಟ್ಟಿ ಆಟದಲ್ಲಿ ಉಳಿಯುವುದು. ಈ ದೂರಿಗೆ ಗುರಿಯಾಗುವ ಆಟಗಾರ ನಮಗೆಲ್ಲ ಪರಿಚಿತ. ಯುಗಾದಿಯ ಮರುದಿನ ಹೊಸತೊಡಕಿನ ಊಟ ಮುಗಿಸಿ ಇಸ್ಪೀಟಿಗೆ ಕೂರುವವರಲ್ಲಿ ಎಲೆ ಕೆಳಗಿಟ್ಟು ಸುಮ್ಮನಿರಲು ಬಂದವರು ಯಾರೂ ಇರುವುದಿಲ್ಲ. ಅದೇ ಉತ್ಸಾಹವನ್ನು ಪೋಕರ್ ಮೇಜಿಗೂ ತರುವವನನ್ನು ಇಲ್ಲಿ ಸಡಿಲ ಕೈಯವನು ಎಂದು ಕರೆಯೋಣ. ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನು 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಹವ್ಯಾಸಿ ಲೆಕ್ಕಿಗ ಗೆದ್ದಾಗ ಕಣದಲ್ಲಿದ್ದವರು 839 ಮಂದಿ. 2006ರ ಹೊತ್ತಿಗೆ ಆ ಸಂಖ್ಯೆ 8,773ಕ್ಕೆ ಏರಿತ್ತು. ಹೊಸಬರ ಪ್ರವಾಹ ಬಂದಲ್ಲೆಲ್ಲ ಹಳಬರ ಈ ಗೊಣಗಾಟವೂ ಬರುತ್ತದೆ. ಇದರಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂಬುದನ್ನು ಸಂಭವನೀಯತೆಯ ಲೆಕ್ಕದಿಂದಲೇ ಅಳೆಯಬಹುದು.

ಹೆಚ್ಚಾಗಿ ಆಡುವ ಟೆಕ್ಸಸ್ ಹೋಲ್ಡೆಮ್ ಆಟದಲ್ಲಿ ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆಗಳು ಬರುತ್ತವೆ. ಮೇಜಿನ ನಡುವೆ ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು, ಹೀಗೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಬಿಚ್ಚುತ್ತಾರೆ. ಪ್ರತಿ ಹಂತದಲ್ಲೂ ಒಂದು ಸುತ್ತು ಪಂತ ನಡೆಯುತ್ತದೆ. 52 ಎಲೆಗಳಿಂದ ಎರಡನ್ನು 1,326 ರೀತಿಯಲ್ಲಿ ಆರಿಸಬಹುದಾದ್ದರಿಂದ, ಎಲ್ಲಕ್ಕಿಂತ ಬಲವಾದ ಎಕ್ಕದ ಜೋಡಿ ಸರಾಸರಿ 221 ಸಲಕ್ಕೊಮ್ಮೆ ಮಾತ್ರ ಕೈಗೆ ಬರುತ್ತದೆ.

ಅಂಥ ಅಪರೂಪದ ಜೋಡಿ ಬಂದಾಗ ಯಾವುದೋ ಎರಡು ಎಲೆ ಹಿಡಿದ ಒಬ್ಬನೇ ಎದುರಾಳಿ ಇದ್ದರೆ ಗೆಲುವಿನ ಸಾಧ್ಯತೆ ಶೇ 85ರಷ್ಟು. ಇಬ್ಬರಿದ್ದರೆ ಅದು ಸುಮಾರು ಶೇ 73ಕ್ಕೆ, ಮೂವರಿದ್ದರೆ 64ಕ್ಕೆ, ಐವರು ಕೊನೆಯವರೆಗೂ ಉಳಿದರೆ 49ರ ಆಸುಪಾಸಿಗೆ ಇಳಿಯುತ್ತದೆ. "ಎಕ್ಕದ ಜೋಡಿ ಹಿಡಿದೂ ಸೋತೆ" ಎಂಬ ಕಥೆಗಳು ಹುಟ್ಟುವುದು ಇಲ್ಲಿಯೇ. ಆದರೆ ಎಷ್ಟು ಸಲ ಗೆಲ್ಲುತ್ತೇವೆ ಎಂಬ ಪ್ರಶ್ನೆಯೂ ಸರಾಸರಿ ಎಷ್ಟು ಗಳಿಸುತ್ತೇವೆ ಎಂಬ ಪ್ರಶ್ನೆಯೂ ಬೇರೆ ಬೇರೆ. ಪ್ರತಿಯೊಬ್ಬರೂ 100 ಚಿಪ್ಸ್ (ಪಂತಕ್ಕೆ ಬಳಸುವ ಬಿಲ್ಲೆಗಳು) ಹಾಕಿದ್ದಾರೆ ಎಂದುಕೊಳ್ಳಿ. ಒಬ್ಬನೆದುರು ಆಡಿದರೆ 200ರ ಪಾಟ್‌ನಲ್ಲಿ, ಎಂದರೆ ಎಲ್ಲರೂ ಕಟ್ಟಿದ ಒಟ್ಟು ಮೊತ್ತದಲ್ಲಿ, ನಿಮ್ಮ ಸರಾಸರಿ ಪಾಲು 170; ಐವರೆದುರು ಆಡಿದರೆ 600ರಲ್ಲಿ 294. ಅರ್ಧಕ್ಕಿಂತ ಹೆಚ್ಚು ಸಲ ಸೋತರೂ ಲಾಭ 70ರಿಂದ 194ಕ್ಕೆ ಏರಿದೆ. ಸೋಲು ಮನಸ್ಸಿನಲ್ಲಿ ಉಳಿಯುತ್ತದೆ, ಸರಾಸರಿ ಉಳಿಯುವುದಿಲ್ಲ. ಆದ್ದರಿಂದ ಗೊತ್ತಿಲ್ಲದವರ ಜೊತೆ ಆಡಲಾಗದು ಎಂಬ ದೂರಿನ ಮೊದಲ ಭಾಗವನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಪಳಗಿದವರು ಸಡಿಲ ಮೇಜಿನಲ್ಲಿ ನಿಜವಾಗಿಯೂ ಚಿಪ್ಸ್ ಕಳೆದುಕೊಳ್ಳುವುದು ಎಲ್ಲಿ? ಬಹುಮಟ್ಟಿಗೆ ತಮ್ಮದೇ ಜಾಣತನದಲ್ಲಿ. 1928ರಲ್ಲಿ ಆಟಗಳ ಗಣಿತಕ್ಕೆ ತಳಪಾಯ ಹಾಕಿದ ಜಾನ್ ಫಾನ್ ನಾಯ್‌ಮನ್, 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟೆರ್ನ್ ಜೊತೆಗೂಡಿ ಪೋಕರ್‌ನ ಒಂದು ಸರಳ ಮಾದರಿಯನ್ನು ವಿಶ್ಲೇಷಿಸಿ, ಬ್ಲಫ್ ಮಾಡುವುದು ಧೈರ್ಯದ ಪ್ರದರ್ಶನವಲ್ಲ, ಲೆಕ್ಕದ ಅನಿವಾರ್ಯ ಅಂಗ ಎಂದು ತೋರಿಸಿದರು. ಅವರ ವಿಶ್ಲೇಷಣೆಯಲ್ಲಿ ಬ್ಲಫ್‌ಗೆ ಎರಡು ಉದ್ದೇಶಗಳಿವೆ: ದುರ್ಬಲ ಎಲೆ ಹಿಡಿದೂ ಎದುರಾಳಿಯನ್ನು ಹಿಮ್ಮೆಟ್ಟಿಸುವುದು ಒಂದು, ನಮ್ಮ ಬಲವಾದ ಎಲೆಗಳಿಗೂ ಆತ ಅನುಮಾನದಿಂದ ಕಾಲ್ ಮಾಡುವಂತೆ ಅವನ ತಲೆಯಲ್ಲಿ ಗೊಂದಲ ಬಿತ್ತುವುದು ಇನ್ನೊಂದು. ಸಡಿಲ ಕೈಯವನ ಎದುರು ಮೊದಲನೆಯದು ಈಡೇರುವುದಿಲ್ಲ, ಎರಡನೆಯದು ನಾವು ಏನೂ ಮಾಡದೆಯೇ ಈಡೇರಿರುತ್ತದೆ. ಪಾಟ್‌ನಲ್ಲಿ 600 ಇರುವಾಗ 300ರ ಬ್ಲಫ್ ಮಾಡಿದರೆ, ಎದುರಾಳಿ ಮೂರರಲ್ಲಿ ಒಂದು ಸಲವಾದರೂ ಎಲೆ ಬಿಸಾಕಬೇಕು, ಆಗ ಮಾತ್ರ ಅಸಲು ಬರುತ್ತದೆ. ಹತ್ತರಲ್ಲಿ ಎಂಟು ಸಲ ಕಾಲ್ ಮಾಡುವವನ ಎದುರು ಅದೇ ಬ್ಲಫ್ ಪ್ರತಿ ಸಲವೂ ಸರಾಸರಿ 120 ಚಿಪ್ಸ್ ನುಂಗುತ್ತದೆ. ಅದರ ಬದಲು, ನುರಿತವರ ಮೇಜಿನಲ್ಲಿ ಚೆಕ್ ಮಾಡಿ ಸುಮ್ಮನಿರಬೇಕಾದ ಮಧ್ಯಮ ಬಲದ ಜೋಡಿಗಳಿಗೂ ಇಲ್ಲಿ ಧಾರಾಳವಾಗಿ ಪಂತ ಕಟ್ಟಬಹುದು, ಏಕೆಂದರೆ ಅದಕ್ಕಿಂತ ಕಡಿಮೆ ಎಲೆಗಳೂ ಕಾಲ್ ಮಾಡುತ್ತವೆ.

ಕಂಪ್ಯೂಟರುಗಳು ಈ ಆಟವನ್ನು ಅರಗಿಸಿಕೊಂಡ ಬಗೆಯನ್ನೂ ಇಲ್ಲಿ ನೆನೆಯಬೇಕು. ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಸೀಫಿಯಸ್, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2017ರಲ್ಲಿ ನಾಲ್ವರು ವೃತ್ತಿಪರರನ್ನು 1,20,000 ಕೈಗಳ (ಎಲೆ ಹಂಚಿ ಆಡುವ ಒಂದೊಂದು ಆಟವೂ ಒಂದು ಕೈ) ಪಂದ್ಯದಲ್ಲಿ ಮಣಿಸಿದ ಲಿಬ್ರೇಟಸ್, ಈ ಎರಡೂ ಪ್ರೋಗ್ರಾಮುಗಳು ಹುಡುಕಿದ್ದು ಯಾರ ಎದುರೂ ದೀರ್ಘಕಾಲದಲ್ಲಿ ಸೋಲದ ಸಮತೋಲನವನ್ನು. ಅಂಥ ಸಮತೋಲನದ ಆಟಕ್ಕೆ ಎದುರಾಳಿಯ ದೌರ್ಬಲ್ಯ ಬೇಕಾಗಿಲ್ಲ, ಹಾಗಾಗಿ ಅದು ಆ ದೌರ್ಬಲ್ಯದಿಂದ ಸಿಗಬಹುದಾದ ಪೂರ್ತಿ ಲಾಭವನ್ನು ಎತ್ತಿಕೊಳ್ಳುವುದೂ ಇಲ್ಲ. ಇಂದು ಕಂಪ್ಯೂಟರಿನಿಂದ ಕಲಿತ ತಂತ್ರಗಳನ್ನು ಬಾಯಿಪಾಠ ಮಾಡಿಕೊಂಡು ವಾರಾಂತ್ಯದ ಮೇಜಿಗೆ ಬರುವ ಯುವಕರು ಈ ವ್ಯತ್ಯಾಸವನ್ನು ಗಮನಿಸಿದಂತೆ ಕಾಣುವುದಿಲ್ಲ.

ಈಗ ಏನು ಬಂದರೂ ಕಾಲ್ ಮಾಡುತ್ತಾರೆ ಎಂಬ ದೂರಿನ ಎರಡನೆಯ ಭಾಗಕ್ಕೆ ಬರೋಣ. ಎದುರಾಳಿ ತಪ್ಪು ಮಾಡಿದರೆ ಅದರ ಲಾಭ ನನಗೇ ಬರಬೇಕಲ್ಲವೇ ಎಂದು ನಾವು ಭಾವಿಸುತ್ತೇವೆ. ಇಬ್ಬರೇ ಆಡುವಾಗ ಅದು ಸರಿ; ಮೂವರಾದ ಕೂಡಲೇ ಸರಿಯಾಗಿ ಉಳಿಯುವುದಿಲ್ಲ. ಒಂದು ಕೈಯನ್ನು ಬಿಡಿಸಿ ನೋಡೋಣ. ನಿಮ್ಮಲ್ಲಿ ಆಟೀನ್ ಮತ್ತು ಡೈಮನ್ ಎಕ್ಕಗಳಿವೆ. ಮೇಜಿನ ಮೇಲೆ ಇಸ್ಪೀಟಿನ ರಾಜ, ಇಸ್ಪೀಟಿನ ಎಂಟು, ಆಟೀನ್ ಮೂರು, ಡೈಮನ್ ಏಳು ಬಿದ್ದಿವೆ. ಬರಬೇಕಾದದ್ದು ಒಂದೇ ಎಲೆ. ಮೊದಲ ಎದುರಾಳಿಯ ಬಳಿ ಇಸ್ಪೀಟಿನ ರಾಣಿ ಮತ್ತು ನಾಲ್ಕು ಇವೆ, ಇನ್ನೊಂದು ಇಸ್ಪೀಟು ಬಂದರೆ ಒಂದೇ ಜಾತಿಯ ಐದೆಲೆ ಸೇರಿ ಅವನು ಗೆಲ್ಲುತ್ತಾನೆ. ಎರಡನೆಯವನ ಬಳಿ ಆಟೀನ್ ಎಂಟು, ಡೈಮನ್ ಗುಲಾಮ. ಕಾಣದ 42 ಎಲೆಗಳಲ್ಲಿ 9 ಮೊದಲನೆಯವನಿಗೆ, ಎರಡು ಎಂಟು ಮತ್ತು ಇಸ್ಪೀಟಲ್ಲದ ಎರಡು ಗುಲಾಮ ಸೇರಿ 4 ಎರಡನೆಯವನಿಗೆ, ಉಳಿದ 29 ನಿಮಗೆ ಒಲಿಯುತ್ತವೆ.

ಪಾಟ್‌ನಲ್ಲಿ 600 ಇದೆ, ನೀವು 100 ಹಾಕುತ್ತೀರಿ, ಮೊದಲನೆಯವನು ಕಾಲ್ ಮಾಡುತ್ತಾನೆ. ಎರಡನೆಯವನು ಎಲೆ ಬಿಸಾಕಿದರೆ 800ರ ಪಾಟ್ 42ರಲ್ಲಿ 33 ಸಲ ನಿಮ್ಮದು, ಅಂದರೆ ನಿಮ್ಮ ಪಾಲು ಸುಮಾರು 629. ಅವನು ಸಡಿಲ ಕೈಯವನು, ಬಿಸಾಕುವುದಿಲ್ಲ. 100 ಕೊಟ್ಟು ಸರಾಸರಿ 86ರ ಪಾಲು ಕೊಳ್ಳುತ್ತಾನೆ. ತಪ್ಪು ಅವನದು, ನಷ್ಟ 14. ಆದರೆ ಪಾಟ್ 900ಕ್ಕೆ ಬೆಳೆದರೂ ನೀವು ಗೆಲ್ಲುವ ಎಲೆಗಳು 33ರಿಂದ 29ಕ್ಕೆ ಇಳಿದವು, ನಿಮ್ಮ ಪಾಲು ಸುಮಾರು 621 ಆಯಿತು. ಅವನೂ ಕಳೆದುಕೊಂಡ, ನೀವೂ 7 ಕಳೆದುಕೊಂಡಿರಿ. ಏನೂ ಮಾಡದೆ ಕೂತಿದ್ದ ಮೊದಲನೆಯವನಿಗೆ ಆ 21 ಚಿಪ್ಸ್ ಸಂದವು. "ಅವನು ಕಾಲ್ ಮಾಡದೇ ಇದ್ದಿದ್ದರೆ ಚೆನ್ನಾಗಿತ್ತು" ಎಂಬ ಗೊಣಗಾಟಕ್ಕೆ ಇಲ್ಲಿ ಗಣಿತದ ಸಮರ್ಥನೆ ಇದೆ, ಮತ್ತು ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡುವವರಿಗೆ ಆಶ್ಚರ್ಯವಾಗುವುದು ಸಹಜ.

ಅದೇ ಜಾಗದಲ್ಲಿ ಪಂತವನ್ನು 100ರ ಬದಲು 600 ಮಾಡಿ. ಮೊದಲನೆಯವನು ಕಾಲ್ ಮಾಡಿ ಎರಡನೆಯವನು ಬಿಟ್ಟರೆ ನಿಮ್ಮ ಪಾಲು ಸುಮಾರು 1,414. ಇಬ್ಬರೂ ಬಂದರೆ 1,657. ಈಗ ಎರಡನೆಯವನ ತಪ್ಪಿನ ಬೆಲೆ 371. ಅದರಲ್ಲಿ 243 ನಿಮಗೆ, ಉಳಿದದ್ದು ಮೊದಲನೆಯವನಿಗೆ. ಮೊದಲನೆಯವನ ಕಾಲ್ ಕೂಡ ಈಗ ನಷ್ಟದ ವ್ಯಾಪಾರವಾಗಿಬಿಟ್ಟಿದೆ. ತಪ್ಪಿನಿಂದ ಹರಿದ ಚಿಪ್ಸ್ ಯಾರ ಕಡೆ ಹೋಗಬೇಕೆಂಬುದನ್ನು ಪಂತದ ಗಾತ್ರವೇ ತೀರ್ಮಾನಿಸುತ್ತದೆ. ಪಂತ ಎಷ್ಟೆಂದು ನೋಡದೆ ಕಾಲ್ ಮಾಡುವವರ ಮೇಜಿನಲ್ಲಿ ಸಣ್ಣ ಪಂತ ಕಟ್ಟುವುದು ಅವರಿಗೆ ಕೊಡುವ ರಿಯಾಯಿತಿ. ಮುಚ್ಚಿದ ಎರಡೆಲೆ ನೋಡಿದ ಮೊದಲ ಸುತ್ತಿನಲ್ಲೇ, ನಿಮಗಿಂತ ಮೊದಲು ಇಬ್ಬರು ಮೂವರು ಕನಿಷ್ಠ ಮೊತ್ತ ಹಾಕಿ ಒಳಬಂದಿದ್ದರೆ, ನುರಿತವರ ಮೇಜಿನಲ್ಲಿ ಏರಿಸುವುದಕ್ಕಿಂತ ಹೆಚ್ಚಾಗಿ ಏರಿಸಿ ಒಬ್ಬನೇ ಎದುರಾಳಿ ಉಳಿಯುವಂತೆ ಮಾಡುವುದರ ಹಿಂದೆಯೂ ಇದೇ ಲೆಕ್ಕವಿದೆ. ಸಣ್ಣ ಜೋಡಿಗಳ ವಿಷಯ ಬೇರೆ: ಮೊದಲ ಮೂರೆಲೆಯಲ್ಲಿ ಅದೇ ಅಂಕಿ ಮತ್ತೆ ಬರುವುದು ಸುಮಾರು ಶೇ 12ರಷ್ಟು ಸಲ ಮಾತ್ರ, ಆದ್ದರಿಂದ ಅಗ್ಗದಲ್ಲಿ ಒಳಬಂದು, ಬಂದಾಗ ಹಲವರಿಂದ ವಸೂಲಿ ಮಾಡುವುದು ಲೇಸು.

ಸಡಿಲ ಕೈಯವರೆಲ್ಲ ಒಂದೇ ಬಗೆಯವರಲ್ಲ. ಕಾಲ್ ಮಾತ್ರ ಮಾಡುತ್ತ ಹೋಗುವವನು ಒಮ್ಮೆ ತಾನಾಗಿ ಪಂತ ಏರಿಸಿದರೆ ಅವನ ಕೈಯಲ್ಲಿ ಗಟ್ಟಿ ಎಲೆ ಇದೆ ಎಂದೇ ತಿಳಿದು ಒಳ್ಳೆಯ ಜೋಡಿಯನ್ನೂ ಬಿಡಬೇಕು. ಎಲ್ಲಕ್ಕೂ ಏರಿಸುವವನ ಎದುರು ಹಾಗೆ ಬಿಡುತ್ತ ಹೋದರೆ ಚಿಪ್ಸ್ ಉಳಿಯುವುದಿಲ್ಲ.

ಇಷ್ಟರವರೆಗೆ ಚಿಪ್ಸ್‌ನ ಬೆಲೆ ಬದಲಾಗದು ಎಂದು ಭಾವಿಸಿದೆವು. ಟೂರ್ನಮೆಂಟಿನಲ್ಲಿ ಅದು ಬದಲಾಗುತ್ತದೆ. ಬ್ಲೈಂಡ್‌ಗಳು, ಎಂದರೆ ಎಲೆ ನೋಡುವ ಮೊದಲೇ ಕಟ್ಟಬೇಕಾದ ಕಡ್ಡಾಯ ಪಂತಗಳು, ನಿಗದಿತ ಅವಧಿಗೊಮ್ಮೆ ಏರುತ್ತವೆ, ಹಾಗಾಗಿ ಎಕ್ಕದ ಜೋಡಿಗೆಂದು ಕಾಯುತ್ತ ಕೂರಲಾಗದು. ಚಿಪ್ಸ್ ಮುಗಿದವನು ಎದ್ದು ಹೋಗಬೇಕು. ಬಹುಮಾನ ಹಂಚಿಕೆಯಾಗುವುದು ಯಾರು ಎಷ್ಟನೆಯವರಾಗಿ ಹೊರಬಿದ್ದರು ಎಂಬುದರ ಮೇಲೆ. ಪ್ರತಿ ಸಲವೂ ಶೇ 80ರಷ್ಟು ಮುಂದಿದ್ದುಕೊಂಡೇ ಐದು ಸಲ ಎಲ್ಲ ಚಿಪ್ಸನ್ನೂ ಪಣಕ್ಕಿಟ್ಟರೆ ಐದನ್ನೂ ದಾಟಿ ಉಳಿಯುವ ಸಾಧ್ಯತೆ ಶೇ 33 ಮಾತ್ರ. ಎದುರಾಳಿಗಿಂತ ಹೆಚ್ಚು ಚಿಪ್ಸ್ ಇಟ್ಟುಕೊಂಡು ಆಡುವವನಿಗೆ ಒಂದು ಸೋಲು ಮನೆಯ ದಾರಿ ತೋರಿಸುವುದಿಲ್ಲ. ಸಡಿಲ ಮೇಜಿನಲ್ಲಿ ಆರಂಭದ ಸುತ್ತುಗಳ ಗಳಿಕೆಗೆ ಇರುವ ನಿಜವಾದ ಬೆಲೆ ಇದೇ.

ಕೌಶಲ ಎಷ್ಟು ಕೈಗಳ ಬಳಿಕ ಅದೃಷ್ಟವನ್ನು ಮೀರಿ ಕಾಣಿಸುತ್ತದೆ ಎಂಬ ಪ್ರಶ್ನೆ ಗಣಿತಜ್ಞರದಷ್ಟೇ ನ್ಯಾಯಾಲಯಗಳದೂ ಹೌದು. ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿ ರಾಜ್ಯದಲ್ಲೂ ಮಾರಾಟವಾಗುತ್ತಿದ್ದ ಪತ್ರಿಕೆಯೊಂದರ ಪದಬಂಧ ಸ್ಪರ್ಧೆಯ ವ್ಯಾಜ್ಯದಿಂದಲೇ 1957ರಲ್ಲಿ ಸುಪ್ರೀಂ ಕೋರ್ಟು ಕೌಶಲದ ಸ್ಪರ್ಧೆಯನ್ನೂ ಜೂಜನ್ನೂ ಬೇರ್ಪಡಿಸುವ ಗೆರೆ ಎಳೆಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಾದರೋ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಆ ಗೆರೆಯನ್ನೇ ನೋಡದೆ ನಿಷೇಧಿಸಿದೆ. ಇಲ್ಲಿನ ಲೆಕ್ಕಗಳಿಗೆ ಪ್ಲಾಸ್ಟಿಕ್ ಚಿಪ್ಸ್ ಸಾಕು.

ಚಿಪ್ಸನ್ನು ಬಹುಮಾನದ ಬೆಲೆಗೆ ಪರಿವರ್ತಿಸುವ ಸೂತ್ರ ಬಂದದ್ದು ಕುದುರೆ ಜೂಜಿನಿಂದ. ಬೆಂಗಳೂರಿನ ರೇಸ್‌ಕೋರ್ಸ್ ಬಲ್ಲವರಿಗೆ ವಿನ್ ಮತ್ತು ಪ್ಲೇಸ್ ಲೆಕ್ಕಗಳು ಹೊಸತೇನಲ್ಲ. ಪ್ರತಿ ಕುದುರೆ ಮೊದಲು ಬರುವ ಸಾಧ್ಯತೆ ಗೊತ್ತಿದ್ದರೆ ಎರಡನೆಯ, ಮೂರನೆಯ ಸ್ಥಾನದ ಸಾಧ್ಯತೆಗಳನ್ನು ಅಂದಾಜಿಸುವ ವಿಧಾನವನ್ನು ಸಂಖ್ಯಾವಿಜ್ಞಾನಿ ಡೇವಿಡ್ ಹಾರ್ವಿಲ್ 1973ರಲ್ಲಿ ಕೊಟ್ಟರು: ಗೆದ್ದ ಕುದುರೆಯನ್ನು ತೆಗೆದು ಉಳಿದವುಗಳ ನಡುವೆ ಅದೇ ಅನುಪಾತದಲ್ಲಿ ಮತ್ತೆ ಹಂಚಬೇಕು. ಪೋಕರ್‌ನಲ್ಲಿ ಕುದುರೆಯ ಬಲದ ಜಾಗಕ್ಕೆ ಚಿಪ್ಸ್ ಬರುತ್ತದೆ. ನಾಲ್ವರು ಸಮಾನ ಚಿಪ್ಸ್‌ನೊಂದಿಗೆ ಉಳಿದಿದ್ದಾರೆ, ಮೂವರಿಗೆ ಮಾತ್ರ 50, 30, 20ರಂತೆ ಬಹುಮಾನ ಎನ್ನಿ. ಒಬ್ಬೊಬ್ಬರ ಪಾಲಿನ ಬೆಲೆ 25. ಒಬ್ಬನು ಇನ್ನೊಬ್ಬನನ್ನು ಹೊರಹಾಕಿ ಚಿಪ್ಸ್ ಇಮ್ಮಡಿ ಮಾಡಿಕೊಂಡರೆ ಅವನ ಬೆಲೆ 50 ಆಗುವುದಿಲ್ಲ, 38.3 ಆಗುತ್ತದೆ. ಉಳಿದ 11.7 ಆ ಕೈಯಲ್ಲಿ ಎಲೆ ಮುಟ್ಟದೆ ಕೂತ ಇಬ್ಬರಿಗೆ ಸಮನಾಗಿ ಸಲ್ಲುತ್ತದೆ. ಇಲ್ಲಿಯೂ ಮೂರನೆಯವನೇ ಲಾಭಗಾರ.

ಆದ್ದರಿಂದ ಸಡಿಲ ಕೈಯವನು ಎಲೆಯನ್ನೇ ನೋಡದೆ ಎಲ್ಲ ಚಿಪ್ಸನ್ನೂ ಮುಂದೂಡಿದರೂ, ಬ್ಲೈಂಡ್‌ಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕಾಲ್ ಮಾಡಲು ನಿಮಗೆ ಬೇಕಾದದ್ದು 25ನ್ನು 38.3ರಿಂದ ಭಾಗಿಸಿದಷ್ಟು, ಎಂದರೆ ಶೇ 65ರ ಗೆಲುವಿನ ಸಾಧ್ಯತೆ. ಎಷ್ಟೋ ಜನ ಸಂಭ್ರಮದಿಂದ ಆಡುವ, ಬೇರೆ ಬೇರೆ ಜಾತಿಯ ಎಕ್ಕ ಮತ್ತು ರಾಜ ಯಾವುದೋ ಎರಡೆಲೆಯ ಎದುರು ಗಳಿಸುವುದು ಹೆಚ್ಚುಕಡಿಮೆ ಅಷ್ಟನ್ನೇ. ಏಳರ ಜೋಡಿ ಶೇ 66 ಗಳಿಸಿ ಆ ಮಿತಿಯನ್ನು ಕೂದಲೆಳೆಯಷ್ಟು ಅಂತರದಲ್ಲಿ ದಾಟುತ್ತದೆ, ಆರರದು ದಾಟುವುದಿಲ್ಲ. ಈ ಹಂತದಲ್ಲಿ ಅಂಥವರಿಬ್ಬರು ತಮ್ಮತಮ್ಮಲ್ಲೇ ಡಿಕ್ಕಿ ಹೊಡೆಯಲು ಬಿಟ್ಟು ದೂರ ಇರುವುದು ಹೇಡಿತನದಂತೆ ಕಂಡರೂ ಸರಿಯಾದ ಆಟ. ಮೊದಲ ಗಂಟೆಯಲ್ಲಿ ಅವನೊಬ್ಬನನ್ನೇ ಎದುರಿಗೆ ಕೂರಿಸಿಕೊಳ್ಳಲು ಹೆಣಗಿದವನು ಬಹುಮಾನದ ಹೊಸ್ತಿಲಲ್ಲಿ ಅವನಿಂದ ತಪ್ಪಿಸಿಕೊಳ್ಳಬೇಕಾಗುತ್ತದೆ.

ಕೊನೆಗೆ ಇಬ್ಬರೇ ಉಳಿದಾಗ ಲೆಕ್ಕ ಮತ್ತೆ ಸರಳವಾಗುತ್ತದೆ. ಮೂರನೆಯವನಿಲ್ಲ, ಎರಡನೆಯ ಬಹುಮಾನ ಇಬ್ಬರಿಗೂ ಖಚಿತವಾಗಿರುವುದರಿಂದ ಪ್ರತಿ ಚಿಪ್ಸ್‌ಗೂ ಒಂದೇ ಬೆಲೆ, ಮತ್ತು ಎದುರಾಳಿಯ ಪ್ರತಿ ತಪ್ಪೂ ನೇರವಾಗಿ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಈಗ ಶೇ 65 ಬೇಕಿಲ್ಲ, ಅರ್ಧವನ್ನು ದಾಟಿದರೆ ಸಾಕು. ಎಲೆ ನೋಡದೆ ಎಲ್ಲವನ್ನೂ ಮುಂದೂಡುವವನ ಎದುರು ಬೇರೆ ಬೇರೆ ಜಾತಿಯ ರಾಣಿ ಮತ್ತು ಏಳು ಸುಮಾರು ಶೇ 52ರಷ್ಟು ಗೆಲ್ಲುತ್ತವೆ. ಎರಡು ಗಂಟೆ ಹಿಂದೆ ಕಣ್ಣೆತ್ತಿಯೂ ನೋಡದೆ ಬಿಸಾಕಿದ ಆ ಎಲೆಗಳಿಗೆ ಈಗ ಕಾಲ್ ಮಾಡಬೇಕು.